ನೆಲಗಪ್ಪೆ ಮೊಟ್ಟೆ, ಶೇವಿಂಗ್ ಕನ್ನಡಿ ಮತ್ತೆ ನಾನು ನಿದ್ದೆ ಹೊಡೆದ ಮೂರು ಗಂಟೆ

ಬಿಎಸ್ಸಿಲಿ "ಕಪ್ಪೆಯ ಗ್ಯಾಸ್ಟ್ರುಲೇಷನ್ ವಿವರಿಸಿ" (ಭ್ರೂಣದ ಹೊರಗಿನ ಕೋಶಗಳು ಒಳಗೆ ಹೋಗಿ ಪದರಗಳಾಗೋದು) ಅಂತ ಹತ್ತು ಮಾರ್ಕಿನ ಪ್ರಶ್ನೆ ಬಂದಿತ್ತು, ನಂಗೆ ಎಂಟೂವರೆ ಸಿಕ್ಕಿತ್ತು. ಚಿತ್ರ ನೀಟಾಗಿತ್ತು, ಅದಕ್ಕೇ. ಕಾಲೇಜಲ್ಲಿದ್ದ ಸ್ಲೈಡುಗಳಿಗೆ ಫಂಗಸ್ ಹಿಡಿದು ಯಾವುದು ಭ್ರೂಣ ಯಾವುದು ಬೂಷ್ಟು ಅಂತಾನೇ ಗೊತ್ತಾಗ್ತಿರಲಿಲ್ಲ, ಹಾಗಾಗಿ ಬಾಣದ ಗುರುತೆಲ್ಲ ಉರು ಹೊಡೆದೇ ಹಾಕಿದ್ದು. ಆಮೇಲೆ ಬ್ಯಾಂಕ್ ಕೆಲಸ ಸಿಕ್ತು, ಕಪ್ಪೆ ಮರೆತುಹೋಯ್ತು.

ಹೋದ ಜೂನ್‌ನಲ್ಲಿ ಎರಡು ದಿನಕ್ಕೆ ಊರಿಗೆ ಹೋಗಿದ್ದೆ, ಸಾಗರದ ಹತ್ರ. ರಾತ್ರಿಯಿಡೀ ಮಳೆ, ಅದರ ಜೊತೆ ತೋಟದ ಕಡೆಯಿಂದ ನೆಲಗಪ್ಪೆಗಳ ಕೂಗು, ಒಂದು ನಿಮಿಷ ಬಿಟ್ಟಿದ್ರೆ ಕೇಳಿ. ಬೆಳಿಗ್ಗೆ ಏಳಕ್ಕೆ ಅಕ್ಕನ ಮಗಳು ಪುಟ್ಟಿ ಓಡಿಬಂದು "ಮಾವ, ಕಾಲುವೇಲಿ ಕರಿಮಣಿ ಸರ ಬಿದ್ದಿದೆ" ಅಂದ್ಲು. ಹೋಗಿ ನೋಡಿದ್ರೆ ಹೌದು, ಕರಿಮಣಿ ಸರನೇ, ಉದ್ದಕ್ಕೆ ಲೋಳೆ ದಾರ, ಒಳಗೆ ಸಾಲಾಗಿ ಸಾಸಿವೆ ಕಾಳಿನಷ್ಟು ಕಪ್ಪು ಮೊಟ್ಟೆ. ಒಂದು ಗೇಣಷ್ಟು ತುಂಡು ಮಾಡಿ ಗಾಜಿನ ಬೋಗುಣಿಗೆ ಕಾಲುವೆ ನೀರಿನ ಸಮೇತ ಹಾಕ್ಕೊಂಡು ಬಂದೆ. ಅಮ್ಮ ನೋಡಿದ್ದೇ "ಅಯ್ಯೋ, ಕೋಸಂಬರಿ ಮಾಡೋ ಬೋಗುಣಿ ಕಣೋ ಅದು!" ಅಂತ ಶುರು ಮಾಡಿದ್ಲು.

ಮೊಬೈಲಿಗೆ ಸಿಗಿಸೋ ಮ್ಯಾಕ್ರೋ ಲೆನ್ಸ್ ಇತ್ತು. ಆಗಲೇ ಮೊಟ್ಟೆ ಒಡೆದೊಡೆದು ಫುಟ್‌ಬಾಲಿನ ಥರ ಗೀರುಗೀರಾಗಿತ್ತು. ಮಧ್ಯಾಹ್ನ ಊಟ ಮಾಡಿ ಬರೋವಷ್ಟರಲ್ಲಿ ಗೀರೆಲ್ಲ ಮಾಯ, ನುಣ್ಣಗಾಗಿದೆ. ಕೆಟ್ಟುಹೋಯ್ತೇನೋ ಅಂದ್ಕೊಂಡೆ, ಆಮೇಲೆ ಹೊಳೀತು, ಜೀವಕೋಶಗಳು ಸಾವಿರಗಟ್ಟಲೆ ಆಗಿ ಒಂದೊಂದೂ ಕಣ್ಣಿಗೆ ಕಾಣದಷ್ಟು ಸಣ್ಣ ಆಗಿಬಿಟ್ಟಿವೆ. ಮೊಟ್ಟೆ ಮಾತ್ರ ಒಂಚೂರೂ ದಪ್ಪ ಆಗಿಲ್ಲ. ಇದ್ದಿದ್ದನ್ನೇ ಪಾಲು ಮಾಡ್ತಾ ಹೋಗೋದು, ನಮ್ಮೂರ ತೋಟ ಹಿಸ್ಸೆ ಆದ ಹಾಗೆ.

ಅಸಲಿ ಕಥೆ ನಡೆಯೋದು ಮೊಟ್ಟೆಯ ಕೆಳಗಡೆ. ಕಪ್ಪು ಭಾಗ ಯಾವಾಗ್ಲೂ ಮೇಲೆ, ಭಂಡಾರದ (ಮರಿಗೆ ಊಟ ಆಗೋ ಯೋಕ್) ಭಾರ ಇರೋ ಮಾಸಲು ಭಾಗ ಕೆಳಗೆ, ಮೇಲಿಂದ ಎಷ್ಟು ಇಣುಕಿದ್ರೂ ಏನೂ ಸಿಗಲ್ಲ. ಅದಕ್ಕೆ ಎರಡು ಇಟ್ಟಿಗೆ ಮೇಲೆ ಬೋಗುಣಿ ಇಟ್ಟು, ಅಡಿಗೆ ಅಪ್ಪನ ಶೇವಿಂಗ್ ಕನ್ನಡಿ ಹಾಕಿ, ಟಾರ್ಚ್ ಬಿಟ್ಕೊಂಡು ಜಗುಲಿ ಮೇಲೆ ಹೊಟ್ಟೆ ಅಡಿಯಾಗಿ ಮಲಗಿದೆ. ಅಪ್ಪ ನೋಡಿ ಏನೂ ಹೇಳಲಿಲ್ಲ, ಕನ್ನಡಿ ಒಡೀಬೇಡ ಅಂದ್ರು ಅಷ್ಟೇ.

ಸಂಜೆ ಏಳರ ಹೊತ್ತಿಗೆ ಕಂಡ್ತು. ಕಪ್ಪು ಬಿಳಿ ಸೇರೋ ಅಂಚಿನಿಂದ ಸ್ವಲ್ಪ ಕೆಳಗೆ ಒಂದು ಗೀರು, ಕಡುಬಿನ ಹಿಟ್ಟಿಗೆ ಉಗುರು ಒತ್ತಿದ ಹಾಗೆ. ಪರೀಕ್ಷೇಲಿ ನಾನು ಡಾರ್ಸಲ್ ಲಿಪ್, ಅಂದ್ರೆ ಬೆನ್ನಿನ ಕಡೆಯ ತುಟಿ, ಅಂತ ಬರೆದಿದ್ದು ಇದನ್ನೇ. ಹೊರಗಿನ ಜೀವಕೋಶಗಳು ಆ ತುಟಿಯ ಅಂಚಲ್ಲಿ ಮಡಚಿಕೊಂಡು ಒಳಗೆ ಹೋಗ್ತವೆ. ಒಳಗೆ ಹೋಗಿ ನಡುಪದರ ಆದವು ಮುಂದೆ ಮಾಂಸ, ಹೃದಯ, ರಕ್ತ, ಮೂಳೆ ಆಗ್ತವೆ, ಭಂಡಾರದ ಕಡೆಯವು ಕರುಳು, ಲಿವರ್ರು, ಹೊರಗೇ ಉಳಿದವು ಚರ್ಮ ಮತ್ತೆ ನರ. ಗೀರು ಅಗಲ ಆಗ್ತಾ ಆಗ್ತಾ ಸುತ್ತು ಬಂತು, ನಡುವೆ ಬಿಳೀದು ಬೊಟ್ಟಿನ ಥರ ಉಳ್ಕೊಂಡ್ತು.

ಪಕ್ಕದಲ್ಲಿ ಮಲಗಿದ್ದ ಪುಟ್ಟಿಗೆ ಜರ್ಮನಿಯ ಫ್ರೈಬುರ್ಗ್‌ನ ಹಿಲ್ಡೆ ಮಾಂಗೋಲ್ಡ್ ಕಥೆ ಹೇಳ್ದೆ. ನೂರು ವರ್ಷದ ಹಿಂದೆ ಹಾನ್ಸ್ ಸ್ಪೇಮನ್ ಹತ್ರ ಪಿಎಚ್‌ಡಿ ಮಾಡ್ತಿದ್ದ ಹುಡುಗಿ. ನ್ಯೂಟ್ ಅಂತ ಬಾಲ ಇರೋ ಉಭಯಚರ, ಅದರ ಭ್ರೂಣದಿಂದ ಇದೇ ತುಟಿ ಕತ್ತರಿಸಿ ಇನ್ನೊಂದು ಜಾತಿ ನ್ಯೂಟಿನ ಭ್ರೂಣದ ಹೊಟ್ಟೆ ಭಾಗಕ್ಕೆ ಅಂಟಿಸಿದ್ಲು. ಒಂದರ ಬಣ್ಣ ತಿಳಿ, ಇನ್ನೊಂದರದ್ದು ಗಾಢ, ಯಾವ ಕೋಶ ಯಾರದ್ದು ಅಂತ ಗೊತ್ತಾಗಲಿ ಅಂತ. ಅಂಟಿಸಿದ ಕಡೆ ಇನ್ನೊಂದು ಮರಿಯೇ ಬೆಳೀತು, ಬೆನ್ನುಹುರಿ ಸಮೇತ, ಮತ್ತೆ ಅದರ ನರವೆಲ್ಲ ಹೆಚ್ಚುಕಮ್ಮಿ ಅಂಟಿಸಿಕೊಂಡ ಭ್ರೂಣದ ಕೋಶದಿಂದಲೇ ಆಗಿತ್ತು, ಅಂದ್ರೆ ಹೊಟ್ಟೆ ಚರ್ಮ ಆಗಬೇಕಿದ್ದವು ಪಕ್ಕದವರ ಮಾತು ಕೇಳಿ ನರ ಆಗಿಬಿಟ್ವು. ಪೇಪರ್ ಬಂದಿದ್ದು 1924ರಲ್ಲಿ, ಅದೇ ವರ್ಷ ಅಡುಗೆಮನೇಲಿ ಬೆಂಕಿ ತಗುಲಿ ಆಕೆ ತೀರಿಕೊಂಡ್ಲು. 1935ರ ನೊಬೆಲ್ ಸ್ಪೇಮನ್‌ಗೆ. ನಂಗೆ ಈ ಭಾಗ ಯಾವಾಗ ಓದಿದ್ರೂ ಹೊಟ್ಟೆ ಉರಿಯತ್ತೆ. ಪುಟ್ಟಿಗೆ ಅದಕ್ಕಿಂತ ಇಷ್ಟ ಆಗಿದ್ದು ಸ್ಪೇಮನ್ ಎಳೆ ಮಗುವಿನ ಕೂದಲಲ್ಲಿ ಕುಣಿಕೆ ಮಾಡಿ ಭ್ರೂಣ ಬಿಗೀತಿದ್ದ ಅನ್ನೋದು, ತಕ್ಷಣ ಜಡೆ ಹಿಂದೆ ಮುಚ್ಕೊಂಡ್ಲು.

ತುಟಿಯ ಕೋಶಗಳು ಪಕ್ಕದವಕ್ಕೆ ಹೇಳೋ ಆ ಮಾತು ಏನು ಅಂತ ತಿಳಿಯೋಕೆ ಇನ್ನೂ ಎಪ್ಪತ್ತು ವರ್ಷ ಹಿಡೀತು. 1992ರಲ್ಲಿ ನಾಗಿನ್, 1994ರಲ್ಲಿ ಕಾರ್ಡಿನ್ ಅನ್ನೋ ಪ್ರೋಟೀನ್ ಸಿಕ್ವು, ಆಫ್ರಿಕಾದ ಝೆನೋಪಸ್ ಕಪ್ಪೇಲಿ. ಮಜಾ ಏನಂದ್ರೆ ತುಟಿಯ ಕೋಶಗಳು "ನರ ಆಗು" ಅಂತ ಹೇಳೋದೇ ಇಲ್ಲ. ಬಿಎಂಪಿ ಅನ್ನೋ ಸಿಗ್ನಲ್ಲು "ಚರ್ಮ ಆಗು, ಚರ್ಮ ಆಗು" ಅಂತ ಕೂಗ್ತಿರತ್ತೆ, ತುಟಿಯ ಕೋಶಗಳು ಬಿಡೋ ಈ ಪ್ರೋಟೀನುಗಳು ಹೋಗಿ ಅದರ ಬಾಯಿ ಮುಚ್ಚಿಸ್ತವೆ. ಆ ಕೂಗು ಕೇಳದ ಕಡೆ ಹೊರಪದರ ತನ್ನ ಪಾಡಿಗೆ ನರದ ಕಡೆ ಹೊರಳತ್ತೆ. ಉರು ಹೊಡೆದಿದ್ದ ನಂಗೆ ಇದು ಸ್ವಲ್ಪ ಅವಮಾನದ ಹಾಗಾಯ್ತು.

ಮೆದುಳಿನ ಮಡಿಕೆ ಏಳೋದನ್ನ ಕಣ್ಣಾರೆ ನೋಡ್ಬೇಕು ಅಂತ ಒಂದೂವರೆವರೆಗೂ ಕೂತಿದ್ದೆ. ಕರೆಂಟು ಹೋಯ್ತು, ಮೊಬೈಲ್ ಹನ್ನೊಂದು ಪರ್ಸೆಂಟು, ಒಂಚೂರು ಕಣ್ಣು ಮುಚ್ಚಿದೆ ಅಷ್ಟೇ. ಎದ್ದಾಗ ನಾಲ್ಕೂವರೆ. ಅಷ್ಟರಲ್ಲಿ ಮೊಟ್ಟೆ ಉದ್ದ ಆಗಿದೆ, ಬೆನ್ನ ಮೇಲೆ ಎರಡು ದಿಂಡು ಎದ್ದು, ಕರ್ಜಿಕಾಯಿ ಅಂಚು ಒತ್ತಿದ ಹಾಗೆ ಹಿಂದಿನಿಂದ ಮುಕ್ಕಾಲು ಭಾಗ ಕೂಡಿಬಿಟ್ಟಿದೆ! ಮುಂದೆ ತಲೆ ಕಡೆ ಮಾತ್ರ ಇನ್ನೂ ಅಗಲವಾಗಿ ತೆರೆದಿತ್ತು. ಇಡೀ ದಿನ ಕಾದು, ಮುಖ್ಯವಾದ್ದಕ್ಕೆ ಗೊರಕೆ. ನನ್ನನ್ನ ನಾನೇ ಬೈಕೊಂಡೆ.

ಭಾನುವಾರ ಹೊತ್ತೇರೋ ಹೊತ್ತಿಗೆ ಸುಮಾರು ಮೊಟ್ಟೆ ಬಿಳಿಚಿಕೊಂಡಿದ್ವು, ಸಣ್ಣ ಬೋಗುಣಿಗೆ ಅಷ್ಟು ತುಂಬಿದ್ದು ನನ್ನದೇ ತಪ್ಪು. ಉಳಿದವಕ್ಕೆ ಬಾಲದ ಮೊಳಕೆ ಬಂದಿತ್ತು. ಸಂಜೆ ಬೆಂಗಳೂರು ಬಸ್ಸಿಗೆ ಮುಂಚೆ ಕಾಲುವೆಗೆ ವಾಪಸ್ ಬಿಡೋಕೆ ಹೋದಾಗ ಪುಟ್ಟಿ "ಮಾವ ತಡಿ ತಡಿ" ಅಂದ್ಲು. ಒಂದು ಮರಿ ಲೋಳೆ ಒಳಗೇ ಎಡಕ್ಕೆ ಬಾಗ್ತು, ಸುಮ್ಮನಾಯ್ತು, ಆಮೇಲೆ ಬಲಕ್ಕೆ. ನಿನ್ನೆ ಸಂಜೆ ಆ ತುಟಿ ದಾಟಿ ಒಳಗೆ ಹೋದ ಕೋಶಗಳು ಇವತ್ತು ಮಾಂಸಖಂಡ ಆಗಿ ಎಳೀತಿವೆ. ಅವಳು ಎಣಿಸ್ತಾ ಹೋದ್ಲು, ಹದಿನಾಲ್ಕಕ್ಕೆ ಅಕ್ಕ ಕರೆದ್ಲು, ಬಿಟ್ಟು ಬಂದ್ವಿ.

ಬೋಗುಣಿನ ಮೂರು ಸಲ ತೊಳೆದು ಕೊಟ್ಟೆ, ಹುಣಸೆಹಣ್ಣು ಹಾಕಿ ಕೂಡ. ಅದು ಈಗಲೂ ಬಚ್ಚಲಮನೆ ಕಟ್ಟೆ ಮೇಲೇ ಇದೆಯಂತೆ, ಒಳಗೆ ಸೇರಿಸಿಲ್ಲ.