ಎಲ್ಲರೂ ಹೈನ್ರಿಶ್ಶೇ: ಆಗಸ್ಟಾ ವಂಶವೃಕ್ಷ ಎಲ್ಲಿಗೆ ಬಂತು

ಜರ್ಮನಿಯ ಕೈಸರ್ ಎರಡನೇ ವಿಲ್‌ಹೆಲ್ಮ್ ತನ್ನ ಅಜ್ಜಿಯ ಅಜ್ಜಿಯ ಸೋದರತ್ತೆಯನ್ನು ಮದುವೆಯಾದ. ನಾನು ಹೇಳುತ್ತಿಲ್ಲ, ನನ್ನ ಜೆಡ್‌ಕಾಮ್ ಫೈಲ್, ಅಂದರೆ ವಂಶವೃಕ್ಷದ ವಿವರ ಇಡುವ ಕಂಪ್ಯೂಟರ್ ಫೈಲ್, ಹೇಳುತ್ತಿತ್ತು. ಮಳೆಗಾಲವಿಡೀ ತಲೆ ತಿಂದ ಆ ಗಂಟು ಕೊನೆಗೂ ಬಿಚ್ಚಿದೆ. ಹಾಗಾಗಿ ಈ ಸಲದ ಬರಹ ಪೂರ್ತಿ ಅದರ ಕಥೆಯೇ.

ಹೊಸದಾಗಿ ಓದುವವರಿಗೆ ಸ್ವಲ್ಪ ಹಿನ್ನೆಲೆ. ಗೋಡೆಗೆ ಹಾಕಲು ನಾನು ಮಾಡುತ್ತಿರುವುದು ಆಗಸ್ಟಾಳ ವಂಶವೃಕ್ಷ. 1757ರಲ್ಲಿ ಜರ್ಮನಿಯ ತುರಿಂಗಿಯಾದ ಎಬರ್ಸ್‌ಡಾರ್ಫ್‌ನಲ್ಲಿ ಹುಟ್ಟಿದವಳು. ರಾಯ್ಸ್ ಮನೆತನ. ಆಗ ಅವರು ಬರೀ ಕೌಂಟ್‌ಗಳು, ಸಂಸ್ಥಾನವೂ ಅಂಗೈಯಗಲದ್ದು. 1777ರಲ್ಲಿ ಕೋಬರ್ಗ್‌ನ ಫ್ರಾನ್ಸ್ ಎಂಬ ರಾಜಕುಮಾರನ ಎರಡನೇ ಹೆಂಡತಿಯಾಗಿ ಹೋದಳು. ಆ ಮನೆ ಸಾಲದಲ್ಲಿ ಮುಳುಗಿತ್ತು. 1806ರಲ್ಲಿ ಗಂಡ ತೀರಿಕೊಂಡ, ಅದೇ ವರ್ಷ ನೆಪೋಲಿಯನ್‌ನ ಸೈನ್ಯ ಊರಿಗೆ ನುಗ್ಗಿತು. ಇವಳು ಮಾತ್ರ 1831ರ ತನಕ ಗಟ್ಟಿಯಾಗಿ ಬದುಕಿದಳು. ನಮ್ಮ ಕಬ್ಬನ್ ಪಾರ್ಕಿನಲ್ಲಿ ಕಲ್ಲಾಗಿ ನಿಂತಿರುವ ವಿಕ್ಟೋರಿಯಾ ರಾಣಿ ಇವಳ ಮಗಳ ಮಗಳು. ರಾಣಿಯ ಗಂಡ ಆಲ್ಬರ್ಟ್ ಇವಳ ಮಗನ ಮಗ. ಅಂದರೆ ಆಲ್ಬರ್ಟ್ ಮದುವೆಯಾಗಿದ್ದು ಸೋದರತ್ತೆ ಮಗಳನ್ನು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಬಿಡಿ.

ಆಗಸ್ಟಾಳಿಂದ ಕೆಳಗಿನ ಕೆಲಸ ಸಲೀಸಾಗಿ ಮುಗಿಯಿತು. ಬೆಲ್ಜಿಯಂನ ಮೊದಲ ರಾಜ ಲಿಯೊಪೋಲ್ಡ್ ಇವಳ ಮಗ. ಅವನ ಬಗ್ಗೆ ಮಾಹಿತಿಗೆ ಬರವೇ ಇಲ್ಲ. ನನ್ನ ಮನಸ್ಸು ನಿಂತಿದ್ದು ಮೂರನೇ ಮಗಳು ಯೂಲಿಯಾನೆಯ ಚೌಕದಲ್ಲಿ. 1795ರಲ್ಲಿ ರಷ್ಯಾದ ಮಹಾರಾಣಿ ಕ್ಯಾಥರೀನ್ ತನ್ನ ಮೊಮ್ಮಗ ಕಾನ್‌ಸ್ಟಂಟಿನ್‌ಗೆ ಹೆಣ್ಣು ಹುಡುಕುತ್ತಿದ್ದಳು. ಆಗಸ್ಟಾ ಮೂವರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋದಳು. ಗಂಡಿನ ಕಡೆಯವರು ಬಂದು ಉಪ್ಪಿಟ್ಟು ತಿನ್ನುವುದು ನಮಗೆ ಗೊತ್ತು. ಇಲ್ಲಿ ಹೆಣ್ಣುಗಳೇ ಗಂಡಿನ ಮನೆಗೆ ಮೆರವಣಿಗೆ. ಆಯ್ಕೆಯಾದ ಯೂಲಿಯಾನೆಗೆ 1796ರ ಮದುವೆಯಲ್ಲಿ 14 ವರ್ಷ. ಗಂಡ ಮಹಾ ಒರಟ. 1801ರಲ್ಲಿ ರಷ್ಯಾ ಬಿಟ್ಟು ಹೊರಟವಳು ಗಂಡನ ಮನೆಗೆ ಮತ್ತೆ ಹೋಗಲಿಲ್ಲ. 1820ರಲ್ಲಿ ವಿಚ್ಛೇದನ. ಸ್ವಿಟ್ಜರ್ಲೆಂಡಿನ ಬರ್ನ್ ಹತ್ತಿರ ಮನೆ ಮಾಡಿಕೊಂಡು 1860ರ ತನಕ ಬಾಳಿದಳು. ಆಗಸ್ಟಾ ಮಾಡಿಸಿದ ಸಂಬಂಧಗಳಲ್ಲಿ ನನಗೆ ಜಾಸ್ತಿ ಕಸಿವಿಸಿ ಕೊಡುವುದು ಇದೇ.

ಸರಿ, ಗಂಟಿಗೆ ಬರೋಣ. ಅದು ಇರುವುದು ಆಗಸ್ಟಾಳಿಂದ ಮೇಲೆ, ತವರಿನ ಕಡೆ. ರಾಯ್ಸ್ ಮನೆತನದಲ್ಲಿ ಹುಟ್ಟಿದ ಗಂಡುಮಕ್ಕಳಿಗೆಲ್ಲ ಒಂದೇ ಹೆಸರು, ಹೈನ್ರಿಶ್. ಒಬ್ಬರೂ ಬಿಟ್ಟಿಲ್ಲ! ಹಿಂದೆ ಆರನೇ ಹೈನ್ರಿಶ್ ಎಂಬ ಚಕ್ರವರ್ತಿ ಇದ್ದನಲ್ಲ, ಅವನ ಗೌರವಕ್ಕೆ ಅಂತ ಪ್ರತೀತಿ. ಗುರುತಿಗೆ ಹೆಸರಿನ ಮುಂದೆ ಒಂದು ನಂಬರ್. ನಂಬರ್ ಇದೆಯಲ್ಲ, ಇನ್ನೇನು ತೊಂದರೆ ಅಂತೀರಾ? ಆ ನಂಬರ್ ಪಟ್ಟಕ್ಕೆ ಬಂದ ಲೆಕ್ಕದ್ದಲ್ಲ. ಬ್ಯಾಂಕಿನ ಟೋಕನ್ ಇದ್ದ ಹಾಗೆ, ಹುಟ್ಟಿದವರಿಗೆಲ್ಲ ಸರದಿ ಪ್ರಕಾರ ಒಂದೊಂದು. ಕೂಸು ಒಂದೇ ವರ್ಷಕ್ಕೆ ತೀರಿಕೊಂಡರೂ ಅದರ ನಂಬರ್ ಖರ್ಚಾದ ಲೆಕ್ಕವೇ.

ಮನೆತನದಲ್ಲಿ ಎರಡು ಕವಲು. ಹಿರಿಯ ಕವಲಿನವರು 100ರ ತನಕ ಎಣಿಸಿ ಆಮೇಲೆ ಒಂದರಿಂದ ಶುರು ಮಾಡಬೇಕಿತ್ತು. ಕಿರಿಯ ಕವಲಿನವರು ಶತಮಾನ ಬದಲಾದಾಗ ಶುರು ಮಾಡುತ್ತಾರೆ. ಆಗಸ್ಟಾಳದು ಕಿರಿಯ ಕವಲು. ಅವಳ ಅಜ್ಜ 1699ರಲ್ಲಿ ಹುಟ್ಟಿದ 29ನೇ ಹೈನ್ರಿಶ್. ಅಪ್ಪ 1724ರಲ್ಲಿ ಹುಟ್ಟಿದ 24ನೇ ಹೈನ್ರಿಶ್. ಅಪ್ಪನಿಗೆ 29, ಮಗನಿಗೆ 24! ಆಗಸ್ಟಾಳ ತಮ್ಮ 1761ರವನು, ಅವನು 51. ತಮ್ಮನ ಮಗ 1797ರವನು, ಅವನು 72. ಒಂದೇ ಶತಮಾನದಲ್ಲಿ ಕಿರಿಯ ಕವಲು 72 ದಾಟಿತು. ಹಿರಿಯ ಕವಲಿನ ಗ್ರೈಜ್ ಮನೆಯಲ್ಲಿ 1790ರಲ್ಲಿ 19 ಇದ್ದದ್ದು 1878ಕ್ಕೆ ಬರೀ 24. ಪಾಪ, ಆಮೆ ನಡಿಗೆ.

ಗ್ರೈಜ್‌ನಲ್ಲೂ 24 ಅಂದೆನಲ್ಲ, ಗಮನಿಸಿದಿರಾ? ನನ್ನ ಗಂಟಿನಲ್ಲಿ 24ನೇ ಹೈನ್ರಿಶ್‌ಗಳು ಮೂವರಿದ್ದಾರೆ. ಮೊದಲನೆಯವನು ಆಗಸ್ಟಾಳ ಅಪ್ಪ. ಎರಡನೆಯವನು 1855ರ ಕೋಸ್ಟ್ರಿಟ್ಸ್‌ನವನು, ಸಂಗೀತ ಸಂಯೋಜಕ, ಸಿಂಫನಿಗಳನ್ನು ಬರೆದವನು. ಮೂರನೆಯವನು 1878ರ ಗ್ರೈಜ್‌ನವನು. 1927ರಲ್ಲಿ ಅವನು ಸಾಯುವುದರೊಂದಿಗೆ ಹಿರಿಯ ಕವಲೇ ಮುಗಿಯಿತು. ಯಾರೋ ಪುಣ್ಯಾತ್ಮರು ಹಂಚಿದ ಫೈಲಿನಲ್ಲಿ ಮೂವರನ್ನೂ ಮರ್ಜ್ ಮಾಡಿ ಒಬ್ಬನನ್ನಾಗಿ ಕೂರಿಸಿದ್ದರು. ಗ್ರೈಜ್‌ನವನ ತಂಗಿ ಹೆರ್ಮಿನೆ. 1922ರಲ್ಲಿ, ಪಟ್ಟ ಕಳೆದುಕೊಂಡು ಹಾಲೆಂಡಿನಲ್ಲಿದ್ದ ಕೈಸರ್‌ನನ್ನು ಮದುವೆಯಾದವಳು. ಕೈಸರ್‌ನ ಅಜ್ಜಿ ವಿಕ್ಟೋರಿಯಾ, ಅವಳ ಅಜ್ಜಿ ಆಗಸ್ಟಾ, ಆಗಸ್ಟಾಳ ಅಪ್ಪನ ತಂಗಿ ಹೆರ್ಮಿನೆ. ಲೆಕ್ಕ ಸರಿಯಾಯಿತಲ್ವಾ?

ಸಾಫ್ಟ್‌ವೇರ್ ಮಾಡುವ ತಾರೀಕು ಪರೀಕ್ಷೆ ಇದನ್ನು ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಮರ್ಜ್ ಆದ ಮೇಲೆ 1724 ಮುಖ್ಯ ತಾರೀಕಾಗಿ ಉಳಿದಿತ್ತು, ಮಿಕ್ಕೆರಡು ಪರ್ಯಾಯ ತಾರೀಕುಗಳಾಗಿ ಕೆಳಗೆ ಅವಿತಿದ್ದವು. ಪರೀಕ್ಷೆ ನೋಡುವುದು ಮುಖ್ಯ ತಾರೀಕನ್ನು ಮಾತ್ರ. ಅಣ್ಣ ತಂಗಿಯರ ನಡುವೆ 163 ವರ್ಷ ಅಂತರ ಇದ್ದರೂ ಅದಕ್ಕೆ ಏನೂ ಅನ್ನಿಸಲಿಲ್ಲ.

ಬಿಡಿಸಲು ಕೂತರೆ ಇನ್ನೊಂದು ತಮಾಷೆ. ಸಾಮಾನ್ಯವಾಗಿ ನಾವು ಏನು ಮಾಡುತ್ತೇವೆ? ಅಪ್ಪನ ಹೆಸರು ನೋಡಿ ಬೇರೆ ಮಾಡುತ್ತೇವೆ. ಈ ಮೂವರ ಅಪ್ಪಂದಿರು ಯಾರು? ಹೈನ್ರಿಶ್, ಹೈನ್ರಿಶ್ ಮತ್ತು ಹೈನ್ರಿಶ್. ಊರಿನ ಹೆಸರಿಗೂ ನೆಚ್ಚಿಕೊಳ್ಳುವಂತಿಲ್ಲ. ಒಂದು ಮನೆ ಖಾಲಿಯಾದರೆ ಇನ್ನೊಂದು ಮನೆಯವರು ಬಂದು ಕೂರುತ್ತಾರೆ. ರೋಮನ್ ಅಂಕಿಗಳನ್ನು ಅಕ್ಷರದ ಪ್ರಕಾರ ಜೋಡಿಸಿದರೆ 51 ಬಂದು 24ರ ಮೇಲೆ ಕೂರುತ್ತದೆ, ಮಗ ಅಪ್ಪನಿಗಿಂತ ಮೊದಲು.

ಕೊನೆಗೆ ಕೈ ಹಿಡಿದವರು ಅಮ್ಮಂದಿರು. ಹೆಣ್ಣುಗಳು ಬೇರೆ ಬೇರೆ ಮನೆಗಳಿಂದ ಬಂದವರು, ಅವರಿಗೆ ಅವರದೇ ಹೆಸರುಗಳಿವೆ. ಈಗ ಪ್ರತಿ ಹೈನ್ರಿಶ್‌ನ ಐಡಿ ಎಂದರೆ ತಾಯಿಯ ಹೆಸರು ಮತ್ತು ಹುಟ್ಟಿದ ವರ್ಷ. ಆಗಸ್ಟಾಳ ಅಪ್ಪ ‘ಥಿಯೊಡೋರಾ-1724’, ಗ್ರೈಜ್‌ನವನು ‘ಇಡಾ-1878’. ನಂಬರನ್ನು ಹೆಸರಿನ ಜಾಗದಿಂದ ಕಿತ್ತು ಬಿರುದಿನ ಜಾಗಕ್ಕೆ ಹಾಕಿದೆ. ಡೂಪ್ಲಿಕೇಟ್ ಹುಡುಕುವ ಯಂತ್ರ ಈಗ ಬಾಯಿ ಮುಚ್ಚಿಕೊಂಡಿದೆ. ಐಬೇರಿಯಾದ, ಅಂದರೆ ಸ್ಪೇನ್ ಪೋರ್ಚುಗಲ್ ಕಡೆಯ, ಒಂದೇ ಹೆಸರಿನ ಮರಿಯಾಗಳ ಜೊತೆ ಒದ್ದಾಡುವವರು ಇದನ್ನೇ ತಿರುಗಿಸಿ, ಅಪ್ಪನ ಹೆಸರಿಟ್ಟು ನೋಡಬಹುದು.

ಥಿಯೊಡೋರಾ ಅಂದೆನಲ್ಲ, ಅವಳದ್ದೂ ಒಂದು ಕಥೆ. ಕಾಸ್ಟೆಲ್ ಮನೆಯ ಈ ಹುಡುಗಿಯನ್ನು ಮೊದಲು ಇಷ್ಟಪಟ್ಟವನು ಹೆರ್ನ್‌ಹುಟ್ ಧರ್ಮಸಮುದಾಯ ಕಟ್ಟಿದ ಟ್ಸಿನ್ಸೆನ್‌ಡಾರ್ಫ್. ಗೆಳೆಯ 29ನೇ ಹೈನ್ರಿಶ್‌ಗೂ ಅವಳ ಮೇಲೆ ಮನಸ್ಸು ಅಂತ ತಿಳಿದು ಬಿಟ್ಟುಕೊಟ್ಟ. 1722ರಲ್ಲಿ ಅದೇ ಗೆಳೆಯನ ತಂಗಿ ಎರ್ಡ್‌ಮೂಟೆಯನ್ನು ಮದುವೆಯಾದ. ಅವನು ಬಿಟ್ಟುಕೊಡದಿದ್ದರೆ ಆಗಸ್ಟಾ ಇಲ್ಲ, ವಿಕ್ಟೋರಿಯಾ ಇಲ್ಲ, ಕಬ್ಬನ್ ಪಾರ್ಕಿನ ಕಲ್ಲಿಗೆ ಬೇರೆ ಯಾರದೋ ಮೂಗು. ಈ ನಾಲ್ವರ ಚೌಕಗಳಿಗೆ ಮಾತ್ರ ಬೇರೆ ಬಣ್ಣ ಹಾಕಿದ್ದೇನೆ.

ಪ್ರಿಂಟ್ ಇನ್ನೂ ಆಗಿಲ್ಲ. ಪ್ಲಾಟರ್ ಅಂಗಡಿಯವರು ಫೈಲ್ ತೆರೆದ ಕೂಡಲೇ ಒತ್ತಕ್ಷರಗಳೆಲ್ಲ ಕಳಚಿ ಬಿದ್ದವು. ‘ನುಡಿಯಲ್ಲಿ ಟೈಪ್ ಮಾಡಿಕೊಂಡು ಬನ್ನಿ ಸಾರ್’ ಅಂದರು. ಇಷ್ಟೂ ಹೈನ್ರಿಶ್‌ಗಳನ್ನು ಮತ್ತೆ ಟೈಪ್ ಮಾಡಬೇಕಂತೆ! ಅಕ್ಷರಗಳನ್ನೆಲ್ಲ ಗೆರೆಗಳಾಗಿ ಬದಲಿಸಿ ಕೊಟ್ಟೆ. ಆಗ ದಪ್ಪ ಕಾಗದ ಖಾಲಿ, ಮುಂದಿನ ವಾರ ಬರುತ್ತದೆ ಅಂದರು. ಆ ಮುಂದಿನ ವಾರ ಈಗಲೂ ಮುಂದೆಯೇ ಇದೆ. ‘ಫ್ಲೆಕ್ಸ್‌ನಲ್ಲಿ ಹೊಡೆದುಕೊಡ್ಲಾ, ಹುಟ್ಟುಹಬ್ಬಕ್ಕಾ?’ ಅಂತ ಬೇರೆ ಕೇಳಿದರು.

ಕಾಗದ ಬರುವ ತನಕ ಸುಮ್ನೆ ಕೂರಲಾರದೆ ಆಗಸ್ಟಾಳ ಮಗ ಫರ್ಡಿನಾಂಡ್‌ನ ಕವಲು ಶುರು ಮಾಡಿದ್ದೇನೆ. ಹಂಗೇರಿಯ ಕೊಹಾರಿ ಮನೆಯ ಶ್ರೀಮಂತ ಹುಡುಗಿಯನ್ನು ಮದುವೆಯಾದವನು. ಅವನ ಒಬ್ಬ ಮಗ ಪೋರ್ಚುಗಲ್‌ನ ರಾಣಿಯನ್ನು ಮದುವೆಯಾಗಿ ರಾಜನಾದ. ಇನ್ನೊಬ್ಬ ಮಗನ ಮಗ ಬಲ್ಗೇರಿಯಾದ ದೊರೆಯಾದ. ಆ ದೊರೆಯ ಮೊಮ್ಮಗ ಸಿಮಿಯೊನ್ ಚಿಕ್ಕವನಿದ್ದಾಗ ರಾಜ, 2001ರಿಂದ 2005ರವರೆಗೆ ಚುನಾವಣೆ ಗೆದ್ದು ಪ್ರಧಾನಿ. ಸೊಗಸಾದ ಕವಲು. ಪೋರ್ಚುಗಲ್‌ನವನ ಹೆಸರು ಎರಡನೇ ಫರ್ಡಿನಾಂಡ್. ಬಲ್ಗೇರಿಯಾದವನು ಒಂದನೇ ಫರ್ಡಿನಾಂಡ್. ಎರಡನೆಯವನು ಒಂದನೆಯವನಿಗೆ ದೊಡ್ಡಪ್ಪ.