ಜುಕಿನಿ ಗಿಡಕ್ಕೆ ಬೋರರ್ ಬಿದ್ದಾಗ

ಬೆಳಿಗ್ಗೆ ಏಳು ಗಂಟೆಗೇ ಜುಕಿನಿ ಗಿಡ ಬಾಡಿ ಬಿದ್ದಿತ್ತು. ಜುಕಿನಿ ಅಂದರೆ ಸೌತೆಯ ಹಾಗೆ ಕಾಣುವ, ಕುಂಬಳ ಜಾತಿಯ ತರಕಾರಿ. ಜುಲೈ ಮಧ್ಯಾಹ್ನದ ಬಿಸಿಲಿಗೆ ಅದರ ಅಗಲವಾದ ಎಲೆಗಳು ಜೋತುಬೀಳುವುದು ಮಾಮೂಲಿ. ಸಂಜೆಗೆ ತಾವೇ ಚೇತರಿಸಿಕೊಳ್ಳುತ್ತವೆ. ಆದರೆ ರಾತ್ರಿಯೆಲ್ಲ ತಂಪಿತ್ತು, ಮಣ್ಣಿನಲ್ಲಿ ತೇವ ಇತ್ತು. ಹೀಗಿದ್ದೂ ಬೆಳಿಗ್ಗೆಯೇ ಬಾಡಿದೆ ಅಂದರೆ ನೀರಿನ ಸಮಸ್ಯೆ ಅಲ್ಲ.

ನಾವಿರುವುದು ಅಮೆರಿಕದ ಒಹಾಯೋದಲ್ಲಿ, ಕೊಲಂಬಸ್ ಹತ್ತಿರ. ಇಲ್ಲಿ ಮೇ ಮಧ್ಯದವರೆಗೂ ರಾತ್ರಿ ಇಬ್ಬನಿ ಹೆಪ್ಪುಗಟ್ಟುವ ಭಯ ಇರುತ್ತದೆ. ಅದು ಕಳೆದ ಮೇಲೆ ಬೀಜ ಊರಿದರೆ ಎರಡು ತಿಂಗಳೊಳಗೆ ಕಾಯಿ ಸಿಗುತ್ತದೆ. ಹಿತ್ತಲಿನಲ್ಲಿ ಏನು ಬೆಳೆಯಲಿ ಅಂತ ಹೊಸಬರು ಕೇಳಿದರೆ ಎಲ್ಲರೂ ಜುಕಿನಿ ಅನ್ನುತ್ತಾರೆ. ಬಳ್ಳಿ ಹಬ್ಬಲ್ಲ, ಚಪ್ಪರ ಬೇಡ, ಕಾಯಿ ಬಿಡಲು ಶುರುವಾದರೆ ಕೊಯ್ದು ಮುಗಿಯಲ್ಲ. ಕೆಲವು ದಿನ ನೋಡದೆ ಬಿಟ್ಟರೆ ಗೇಣುದ್ದದ ಕಾಯಿ ಮೊಳಕೈ ಉದ್ದ ಆಗಿರುತ್ತದೆ. ಅಂಥದ್ದನ್ನು ನಾನು ತುರಿದು, ಅಕ್ಕಿ ಜೊತೆ ರುಬ್ಬಿ ದೋಸೆ ಮಾಡುತ್ತೇನೆ. ಸೌತೆಕಾಯಿ ದೋಸೆಗೂ ಇದಕ್ಕೂ ಅಷ್ಟೇನೂ ವ್ಯತ್ಯಾಸ ಗೊತ್ತಾಗಲ್ಲ.

ಆ ಸಲ ಅಪ್ಪ ಮೂಡಿಗೆರೆಯಿಂದ ಬಂದಿದ್ದರು. ಕಾಫಿ ತೋಟವನ್ನು ತಮ್ಮನಿಗೆ ಒಪ್ಪಿಸಿ ಬಂದ ಮನುಷ್ಯನಿಗೆ ಇಲ್ಲಿ ನೋಡಿಕೊಳ್ಳಲು ಸಿಕ್ಕಿದ್ದು ನನ್ನ ನಾಲ್ಕು ಗಿಡ. ನಾನು ಕರೆದ ತಕ್ಷಣ ಚಪ್ಪಲಿಯೂ ಹಾಕದೆ ಬಂದರು. ಎಲೆ ಕಡೆ ನೋಡಲೇ ಇಲ್ಲ. ನೇರವಾಗಿ ಬುಡದ ಹತ್ತಿರ ಕೂತು, ಮಣ್ಣು ಸರಿಸಿ, ಕಾಂಡದ ಮೇಲೆ ಬೆರಳಾಡಿಸಿದರು. ಒಂದು ಸಣ್ಣ ತೂತು. ಅದರ ಬಾಯಲ್ಲಿ ಒದ್ದೆ ಮರದ ಪುಡಿಯ ಹಾಗೆ ಏನೋ ಉದುರಿತ್ತು.

"ಬೋರರ್ ಬಿದ್ದಿದೆ ಕಣಮ್ಮ. ಕಿತ್ತು ಹಾಕು."

ಬೋರರ್ ಅಂದರೆ ಕಾಂಡ ಕೊರೆಯುವ ಹುಳ. ಅರೇಬಿಕಾ ಕಾಫಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿನ ಬಿಳಿ ಕಾಂಡಕೊರಕ ಒಂದು ಜಾತಿಯ ದುಂಬಿ. ಅದರ ಮರಿಹುಳ ಕಾಂಡದೊಳಗೆ ಸುರಂಗ ಕೊರೆಯುತ್ತದೆ, ಹೊರಗೆ ತೊಗಟೆ ಉಂಗುರದಂತೆ ಉಬ್ಬುತ್ತದೆ. ಅಂಥ ಗಿಡವನ್ನು ಗುರುತಿಸಿ, ದುಂಬಿ ಹಾರಿ ಹೊರಬರುವ ಮೊದಲೇ ಕಿತ್ತು ಸುಡಬೇಕು. ಅಪ್ಪ ಹಾಗೆ ಎಷ್ಟು ಗಿಡ ಸುಟ್ಟಿದ್ದಾರೋ. ಕೊನೆಗೆ ತೋಟದ ಒಂದು ಭಾಗಕ್ಕೆ ಕಾಫಿಯ ಇನ್ನೊಂದು ಜಾತಿ ರೋಬಸ್ಟಾ ಹಾಕಿಸಿದರು. ಅದಕ್ಕೆ ಈ ಕಾಟ ಇಲ್ಲ.

ಇಲ್ಲಿನದ್ದು ದುಂಬಿಯಲ್ಲ, ಪತಂಗ. ಸ್ಕ್ವಾಷ್ ವೈನ್ ಬೋರರ್ ಅಂತ ಹೆಸರು. ಕಿತ್ತಳೆ ಹೊಟ್ಟೆ, ಅದರ ಮೇಲೆ ಕಪ್ಪು ಚುಕ್ಕೆ. ಹಗಲಲ್ಲೇ ಹಾರುತ್ತದೆ, ನೋಡಿದರೆ ಕಣಜ ಅನ್ನಬೇಕು. ಜೂನ್ ಕೊನೆಯಿಂದ ಜುಲೈವರೆಗೆ ಬುಡದಲ್ಲಿ ಒಂದೊಂದೇ ಮೊಟ್ಟೆ ಇಟ್ಟು ಹೋಗುತ್ತದೆ. ಮರಿ ಒಳಗೆ ಸೇರಿತು ಅಂದರೆ ಮೇಲೆ ಸಿಂಪಡಿಸುವ ಯಾವ ಔಷಧಿಯೂ ಅದಕ್ಕೆ ತಾಗಲ್ಲ. ಬಲೆ ಮುಚ್ಚಿದರೆ ಪತಂಗವೇನೋ ದೂರ ಇರುತ್ತದೆ, ಆದರೆ ಜೇನೂ ಬರಲ್ಲ. ಜುಕಿನಿಯಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಜೇನು ಬರದಿದ್ದರೆ ಬೆಳಿಗ್ಗೆ ನಾವೇ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಒರೆಸಬೇಕು. ಇಲ್ಲವಾದರೆ ಮಿಡಿ ತುದಿಯಿಂದ ಕೊಳೆತು ಉದುರುತ್ತದೆ.

ಇಲ್ಲಿ ಕುಂಬಳ ಜಾತಿಯ ಹೂವಿಗೇ ಬರುವ ಒಂದು ದೇಸಿ ಜೇನಿದೆ. ಅದರ ಗಂಡುಗಳು ಮಧ್ಯಾಹ್ನ ಮುಚ್ಚಿದ ಹೂವಿನೊಳಗೇ ಮಲಗಿರುತ್ತವೆ. ಬಜ್ಜಿಗೆ ಅಂತ ಹೂ ಕಿತ್ತಾಗ ಬಿಡಿಸಿ ನೋಡದೆ ಹಿಟ್ಟಿಗೆ ಅದ್ದಬೇಡಿ.

ಕಿತ್ತು ಹಾಕಲು ನನಗೆ ಮನಸ್ಸು ಬರಲಿಲ್ಲ. ಗಿಡದ ತುಂಬ ಮಿಡಿ. "ಆಪರೇಷನ್ ಮಾಡಿ ನೋಡೋಣ ಅಪ್ಪಾ" ಅಂದೆ. ಅವರು ನಕ್ಕರು. ಆದರೂ ಒಳಗೆ ಹೋಗಿ ತಮ್ಮ ಶೇವಿಂಗ್ ಬ್ಲೇಡ್ ತಂದುಕೊಟ್ಟರು.

ಕಾಂಡವನ್ನು ಅಡ್ಡ ಕೊಯ್ದರೆ ಗಿಡ ಸತ್ತ ಹಾಗೇ. ಉದ್ದಕ್ಕೆ ಸೀಳಬೇಕು, ತೂತಿನಿಂದ ಮೇಲಕ್ಕೆ, ಸ್ವಲ್ಪ ಸ್ವಲ್ಪವೇ. ಒಳಗೆಲ್ಲ ಕೊಳೆತ ಲೋಳೆ, ಕೆಟ್ಟ ವಾಸನೆ. ಬೆರಳ ಗೆಣ್ಣಿನಷ್ಟು ಉದ್ದದ ಬಿಳಿ ಹುಳ, ಕಂದು ತಲೆ. ಒಂದನ್ನು ಚಿಮುಟದಲ್ಲಿ ಎಳೆದು ಮುಗಿಯಿತು ಅಂದುಕೊಂಡರೆ ಅಪ್ಪ "ಇನ್ನೂ ಮೇಲೆ ನೋಡು" ಅಂದರು. ಇತ್ತು. ಅದರ ಮೇಲೆ ಇನ್ನೊಂದು ಮರಿ. ಹುಳಗಳನ್ನು ಸೋಪಿನ ನೀರಿಗೆ ಹಾಕಿದೆವು. ಸೀಳಿದ ಭಾಗವನ್ನು ಕೂಡಿಸಿ, ಮೇಲೆ ಒಂದೆರಡು ಗೆಣ್ಣು ಮುಚ್ಚುವಷ್ಟು ಒದ್ದೆ ಮಣ್ಣು ಏರಿಸಿದೆವು. ಮಣ್ಣೊಳಗಿನ ಗೆಣ್ಣಿನಲ್ಲಿ ಹೊಸ ಬೇರು ಬಂದರೆ ಗಿಡ ಬದುಕುತ್ತದೆ. ಹಳೇ ಬುಡದ ಮೇಲೆ ನಂಬಿಕೆ ಇಡುವ ಹಾಗಿಲ್ಲ.

ಪಕ್ಕದ ಗಿಡದ ಕಾಂಡ ಪೂರ್ತಿ ಟೊಳ್ಳಾಗಿತ್ತು. ಅದನ್ನು ಅಪ್ಪ ನನ್ನನ್ನು ಕೇಳದೆ ಕಿತ್ತರು. ಗೊಬ್ಬರದ ಗುಂಡಿಗೆ ಹಾಕಲೂ ಬಿಡಲಿಲ್ಲ. ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಕಸದ ಡಬ್ಬಿಗೆ. ಸುಡಲು ಬಿಡಲ್ವಂತೆ ಇಲ್ಲಿ ಅಂತ ದಿನವಿಡೀ ಗೊಣಗಿದರು.

"ಇದು ಚಳಿಗಾಲ ಎಲ್ಲಿ ಕಳೆಯುತ್ತೆ?" ರಾತ್ರಿ ಊಟಕ್ಕೆ ಕೂತಾಗ ಕೇಳಿದರು. ಮಣ್ಣಲ್ಲೇ, ಗೂಡು ಕಟ್ಟಿಕೊಂಡು ಅಂದೆ. "ಹಾಗಾದ್ರೆ ಮತ್ತೆ ಅಲ್ಲೇ ಯಾಕೆ ಹಾಕ್ತೀಯ?" ಮರುದಿನ ದೊಡ್ಡ ಕುಂಡದಲ್ಲಿ ಹೊಸ ಮಣ್ಣು ತುಂಬಿ ಜುಕಿನಿ ಬೀಜ ಊರಿದರು. ಲೆಕ್ಕ ಸರಿಯಾಗಿಯೇ ಇತ್ತು. ಆ ಗಿಡದ ಕಾಂಡ ದಪ್ಪವಾಗುವ ಹೊತ್ತಿಗೆ ಪತಂಗದ ಹಾರಾಟ ಮುಗಿದಿರುತ್ತದೆ, ಅಕ್ಟೋಬರ್ ಚಳಿ ಬರುವ ಮೊದಲು ಕಾಯಿ ಸಿಗುತ್ತದೆ.

ನಮ್ಮೂರ ಸಿಹಿಗುಂಬಳದ ಜಾತಿಗೆ ಈ ಬೋರರ್ ಅಷ್ಟಾಗಿ ಬೀಳಲ್ಲ, ಅದರ ಕಾಂಡ ಗಟ್ಟಿ. ಅದೇ ಜಾತಿಯಲ್ಲಿ ಎಳೆಯದಿದ್ದಾಗ ಜುಕಿನಿಯ ಹಾಗೇ ಅಡುಗೆಗೆ ಬರುವ ಇಟಲಿಯ ತಳಿಯೊಂದಿದೆ, ಟ್ರೊಂಬೊಂಚಿನೊ ಅಂತ. ಉದ್ದ ಬಳ್ಳಿ, ಸೊಟ್ಟ ಕಾಯಿ. ಅಪ್ಪನಿಗೆ ಫೋಟೋ ತೋರಿಸಿದ್ದೇ ತಡ, "ಇದು ನೋಡು ರೋಬಸ್ಟಾ! ಬರೋ ವರ್ಷ ಇದನ್ನೇ ಬೇಲಿಗೆ ಹಬ್ಬಿಸು" ಅಂದರು. ಬೀಜ ತರಿಸಿಟ್ಟೆ. ನನಗೂ ಅವರ ಮಾತೇ ಸರಿ ಅನ್ನಿಸಿದೆ. ಪ್ರತಿ ಬೇಸಿಗೆ ಬ್ಲೇಡ್ ಹಿಡಿದು ಕೂರಲು ಯಾರಿಗೆ ಪುರುಸೊತ್ತು?

ಆಪರೇಷನ್ ಆದ ಗಿಡ ಒಂದು ವಾರ ಸುಮ್ನೆ ಬಿದ್ದುಕೊಂಡಿತ್ತು. ಆಮೇಲೆ ತುದಿಯಲ್ಲಿ ಚಿಗುರು ಬಂತು. ಆಗಸ್ಟ್ ಕೊನೆಗೆ ಅಪ್ಪ ಊರಿಗೆ ಹೊರಟಾಗ ಕುಂಡದ ಗಿಡ ಹೂ ಬಿಡುತ್ತಿತ್ತು. ಕಾಫಿ ಕೊಯ್ಲು ಶುರುವಾಗುವ ಮುಂಚೆ ಒಮ್ಮೆ ಫೋನ್ ಮಾಡಿದರು.

"ಕೊಯ್ದು ಹೊಲಿದ್ಯಲ್ಲ, ಅದು ಎಷ್ಟು ಕಾಯಿ ಕೊಡ್ತು?"

"ಐದಾರು ಬಂತು ಅಪ್ಪಾ. ಕುಂಡದ್ದೇ ಜಾಸ್ತಿ."

"ಪರವಾಗಿಲ್ಲ. ನನ್ನ ಅರೇಬಿಕಾ ಅಷ್ಟೂ ಕೊಟ್ಟಿರಲಿಲ್ಲ."