ಹಾಲಿನ ಪುಡಿಗೆ ನೀರು ಯಾವಾಗ ಸಿಗಬೇಕು?

ಹಾಲಿನ ಪುಡಿ ತಯಾರಿಸುವ ಘಟಕವೊಂದರ ಲ್ಯಾಬ್‌ನಲ್ಲಿ ನನ್ನ ಕೆಲಸ. ಪ್ರತಿ ಬ್ಯಾಚಿನಿಂದ ಒಂದಿಷ್ಟು ಪುಡಿ ನನ್ನ ಮೇಜಿಗೆ ಬರುತ್ತದೆ. ತೇವ ಎಷ್ಟಿದೆ, ಪೂರ್ತಿ ಕರಗುತ್ತದಾ, ಸುಟ್ಟ ಕಣ ಇದೆಯಾ, ವಾಸನೆ ಸರಿಯಿದೆಯಾ ಅಂತ ನೋಡಿದ ಮೇಲೇ ಅದು ಮುಂದೆ ಹೋಗುವುದು. ನನ್ನ ಕೆಲಸ ಗೊತ್ತಿರುವವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಡಬ್ಬದಲ್ಲಿಟ್ಟ ಪುಡಿ ಯಾಕೆ ಗಟ್ಟಿಯಾಗುತ್ತೆ, ಕಲಸಿದರೆ ಯಾಕೆ ಗಂಟಾಗುತ್ತೆ. ಎರಡಕ್ಕೂ ಉತ್ತರ ನೀರೇ. ಬೇಡದ ಹೊತ್ತಿನಲ್ಲಿ ನೀರು ತಾಗಿದರೆ ಪುಡಿ ಕೆಡುತ್ತದೆ. ಬೇಕಾದ ಹೊತ್ತಿನಲ್ಲಿ ನೀರು ಒಳಗಿಳಿಯಲು ಬಿಡದಿದ್ದರೆ ಕರಗುವುದಿಲ್ಲ.

ಹಾಲಿನಲ್ಲಿ ಸುಮಾರು ಶೇ. 87 ನೀರು. ಘಟಕದಲ್ಲಿ ಮೊದಲು ಆ ನೀರಿನ ಬಹುಪಾಲನ್ನು ಆವಿಯಾಗಿಸಿ ಹಾಲನ್ನು ಗಟ್ಟಿ ಮಾಡುತ್ತಾರೆ. ಆಮೇಲೆ ಎತ್ತರದ ಕೋಣೆಯೊಳಗೆ ಬಿಸಿ ಗಾಳಿಗೆ ತುಂತುರಾಗಿ ಚಿಮ್ಮಿಸುತ್ತಾರೆ. ಹನಿ ಕೆಳಗೆ ಬೀಳುವಷ್ಟರಲ್ಲಿ ಒಣಗಿ ಪುಡಿಯಾಗಿರುತ್ತದೆ. ಕೋಡೆಕ್ಸ್ ಅನ್ನುವ ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ಅದರಲ್ಲಿ ಉಳಿಯುವ ತೇವ ಶೇ. 5 ದಾಟುವಂತಿಲ್ಲ.

ಕೆನೆ ತೆಗೆದ ಹಾಲಿನ ಪುಡಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲ್ಯಾಕ್ಟೋಸ್, ಅಂದರೆ ಹಾಲಿನದೇ ಸಕ್ಕರೆ. ಅಷ್ಟು ಬೇಗ ಒಣಗಿದ್ದರಿಂದ ಅದಕ್ಕೆ ಹರಳಾಗಲು ಸಮಯವೇ ಸಿಕ್ಕಿರುವುದಿಲ್ಲ. ಹಾಗಾಗಿ ತೇವ ಕಂಡರೆ ಸಾಕು, ಹೀರಿಕೊಂಡು ಅಂಟಾಗುತ್ತದೆ. ಕಣಕ್ಕೆ ಕಣ ಹಿಡಿದುಕೊಳ್ಳುತ್ತದೆ. ಆಮೇಲೆ ನಿಧಾನವಾಗಿ ಹರಳುಗಟ್ಟುತ್ತದೆ, ಹರಳುಗಟ್ಟುವಾಗ ಹೀರಿದ್ದ ನೀರಿನಲ್ಲಿ ಒಂದಷ್ಟನ್ನು ಹೊರಗೆ ಬಿಡುತ್ತದೆ. ಆ ನೀರು ಪಕ್ಕದ ಪುಡಿಗೆ ಹೋಗುತ್ತದೆ. ಡಬ್ಬದ ಒಂದು ಮೂಲೆಯಲ್ಲಿ ಶುರುವಾದ ಗಟ್ಟಿ ಸುಮ್ನೆ ಅಲ್ಲೇ ನಿಲ್ಲದಿರುವುದು ಇದಕ್ಕೇ.

ಒದ್ದೆ ಚಮಚ ಹಾಕಬಾರದು ಅಂತ ಎಲ್ಲರಿಗೂ ಗೊತ್ತು. ಆದರೆ ಅಡುಗೆಮನೆಯಲ್ಲಿ ಪುಡಿಯನ್ನು ಜಾಸ್ತಿ ಕೆಡಿಸುವುದು ಹಬೆ ಅಂತ ನನ್ನ ಅಭಿಪ್ರಾಯ. ಕುದಿಯುವ ಪಾತ್ರೆಯ ಮೇಲೆಯೇ ಪ್ಯಾಕೆಟ್ ಬಗ್ಗಿಸಿ ಪುಡಿ ಉದುರಿಸುತ್ತೇವೆ, ಅಲ್ವಾ? ಆಗ ಮೇಲೇಳುವ ಹಬೆ ಸೀದಾ ಪ್ಯಾಕೆಟ್ಟಿನ ಬಾಯಿಗೆ ಹೋಗುತ್ತದೆ. ಒಮ್ಮೆ ಹಾಗೆ ಮಾಡಿದ ಮೇಲೆ ಒಳಗಿನ ಅಂಚನ್ನು ಬೆರಳಿನಿಂದ ಸವರಿ ನೋಡಿ. ತೆಳ್ಳನೆಯ ಪದರವೊಂದು ಅಂಟಂಟಾಗಿ ಕೂತಿರುತ್ತದೆ. ಮರುದಿನಕ್ಕೆ ಅದು ಹಕ್ಕಳೆಯಂತೆ ಒಣಗಿ, ಚೂರುಚೂರಾಗಿ ಒಳಗಿನ ಪುಡಿಗೆ ಬೀಳುತ್ತದೆ. ಆ ಚೂರುಗಳು ಎಷ್ಟು ಕಲಸಿದರೂ ಸುಲಭಕ್ಕೆ ಕರಗುವುದಿಲ್ಲ. ಒಲೆಯಿಂದ ದೂರದಲ್ಲಿ, ಒಣ ಬಟ್ಟಲಿಗೆ ಬೇಕಾದಷ್ಟು ಅಳೆದುಕೊಂಡು, ಡಬ್ಬ ಮುಚ್ಚಿಟ್ಟು, ಬಟ್ಟಲನ್ನು ಮಾತ್ರ ಒಲೆಯ ಹತ್ತಿರ ತನ್ನಿ. ಇದೊಂದು ಅಭ್ಯಾಸ ಮಾಡಿಕೊಂಡರೆ ಅರ್ಧ ತೊಂದರೆ ಇರುವುದಿಲ್ಲ.

ಇನ್ನು ಕೆನೆ ಇರುವ ಪುಡಿ. ಅದರಲ್ಲಿ ಕೊಬ್ಬು ಕನಿಷ್ಠ ಶೇ. 26 ಇರುತ್ತದೆ. ಕೆನೆ ತೆಗೆದದ್ದರಲ್ಲಿ ಶೇ. 1.5ಕ್ಕಿಂತ ಹೆಚ್ಚಿರುವುದಿಲ್ಲ. ಕೊಬ್ಬಿಗೆ ಗಾಳಿ ತಾಗುತ್ತಾ ಹೋದರೆ ಕಮಟು ವಾಸನೆ ಬರುತ್ತದೆ. ಅದಕ್ಕೇ ಇಂಥ ಪುಡಿಯನ್ನು ಪ್ಯಾಕ್ ಮಾಡುವಾಗ ಗಾಳಿ ತೆಗೆದು ಸಾರಜನಕ ತುಂಬುವುದುಂಟು. ಮನೆಯಲ್ಲಿ ಕತ್ತರಿ ಹಾಕಿದ ಕ್ಷಣಕ್ಕೆ ಆ ಕಾವಲು ಮುಗಿಯಿತು. ಪ್ಯಾಕೆಟ್ ಮೇಲಿನ ದಿನಾಂಕ ತೆರೆಯದ ಪ್ಯಾಕೆಟ್ಟಿಗೆ ಹಾಕಿದ್ದು ಅನ್ನುವುದನ್ನು ಎಷ್ಟೋ ಜನ ಗಮನಿಸುವುದೇ ಇಲ್ಲ. ತೆರೆದ ದಿನವನ್ನು ಡಬ್ಬದ ಮೇಲೆ ಬರೆದಿಡಿ. ದೊಡ್ಡ ಡಬ್ಬದ ತಳದಲ್ಲಿ ಸ್ವಲ್ಪ ಪುಡಿ, ಮೇಲೆಲ್ಲ ಗಾಳಿ ಅಂತಾಗದ ಹಾಗೆ ಚಿಕ್ಕ ಡಬ್ಬಗಳಿಗೆ ತುಂಬಿಡಿ. ಒಂದು ಖಾಲಿಯಾದ ಮೇಲೆ ಇನ್ನೊಂದನ್ನು ತೆಗೆಯಿರಿ.

ಫ್ರಿಜ್‌ನಲ್ಲಿ ಇಡಬಹುದಾ? ಕೆನೆ ಇರುವ ಪುಡಿಗೆ ತಂಪು ಒಳ್ಳೆಯದೇ. ಆದರೆ ತಣ್ಣಗಿನ ಡಬ್ಬವನ್ನು ಹೊರತಂದು ತಕ್ಷಣ ಮುಚ್ಚಳ ತೆಗೆದರೆ ಗಾಳಿಯಲ್ಲಿರುವ ತೇವ ಒಳಗೆ ಬೆವರಾಗಿ ಕೂರುತ್ತದೆ. ಡಬ್ಬ ಕೋಣೆಯ ಬಿಸಿಗೆ ಬಂದ ಮೇಲೆ ತೆರೆಯಬೇಕು. ದಿನಕ್ಕೆ ನಾಲ್ಕು ಸಲ ಬಳಸುವ ಮನೆಯಲ್ಲಿ ಇದು ಆಗದ ಮಾತು. ಅಂಥವರು ವಾರಕ್ಕೆ ಬೇಕಾದಷ್ಟನ್ನು ಹೊರಗಿಟ್ಟುಕೊಂಡು ಉಳಿದದ್ದನ್ನು ಮಾತ್ರ ಫ್ರಿಜ್‌ಗೆ ಹಾಕುವುದು ಮೇಲು.

ಬಣ್ಣ ನೋಡುವುದನ್ನೂ ಕಲಿಯಿರಿ. ಒಲೆಯ ಮೇಲಿನ ಕಪಾಟಿನಲ್ಲಿ, ಬಿಸಿಯಲ್ಲಿ ಇಟ್ಟ ಪುಡಿ ನಿಧಾನಕ್ಕೆ ಹಳದಿ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಲ್ಯಾಕ್ಟೋಸ್ ಮತ್ತು ಪ್ರೋಟೀನ್ ಒಂದಕ್ಕೊಂದು ಸೇರಿ ಆಗುವ ಬದಲಾವಣೆ ಇದು. ಬಾಣಲೆಯಲ್ಲಿ ನಾವೇ ಸಣ್ಣ ಉರಿಯಲ್ಲಿ ಹುರಿದರೆ ಇದೇ ಕ್ರಿಯೆಯಿಂದ ಘಮಘಮ ಪರಿಮಳ ಬರುತ್ತದೆ. ಡಬ್ಬದೊಳಗೆ ತಿಂಗಳುಗಟ್ಟಲೆ ನಡೆದರೆ ಹಳಸಲು ವಾಸನೆ ಬರುತ್ತದೆ, ಕರಗುವ ಗುಣವೂ ಹೋಗುತ್ತದೆ. ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಗಂಟಿಗೆ ಹೆದರಬೇಕಿಲ್ಲ. ಕಲ್ಲಾದದ್ದು, ಬಣ್ಣ ತಿರುಗಿದ್ದು, ಕಮಟು ಅಥವಾ ಮುಗ್ಗಲು ವಾಸನೆ ಬಂದದ್ದನ್ನು ಎಸೆದುಬಿಡಿ.

ಈಗ ಕಲಸುವ ವಿಷಯ. ಲ್ಯಾಬ್‌ನಲ್ಲಿ ಕರಗುವಿಕೆ ನೋಡಲು 100 ಮಿ.ಲೀ. ನೀರಿಗೆ ಕೆನೆ ತೆಗೆದ ಪುಡಿಯಾದರೆ 10 ಗ್ರಾಂ, ಕೆನೆ ಇರುವುದಾದರೆ 13 ಗ್ರಾಂ ಹಾಕಿ ಮಿಕ್ಸರ್‌ನಲ್ಲಿ 90 ಸೆಕೆಂಡ್ ತಿರುಗಿಸುತ್ತೇವೆ. ಆಮೇಲೆ ತಳದಲ್ಲಿ ಕೂತ ಗಸಿಯನ್ನು ಅಳೆಯುತ್ತೇವೆ. ಮನೆಯಲ್ಲಿ ಹಾಲು ಮಾಡಿಕೊಳ್ಳಲೂ ಇದೇ ಅಳತೆ ಸಾಕು: ಒಂದು ಲೀಟರ್ ನೀರಿಗೆ 100 ಅಥವಾ 130 ಗ್ರಾಂ. ಒಂದು ಗಾಜಿನ ಲೋಟದಲ್ಲಿ ಕಲಸಿ ಸ್ವಲ್ಪ ಹೊತ್ತು ಬಿಟ್ಟು ತಳ ನೋಡಿ. ಗಸಿ ಜಾಸ್ತಿ ಕಂಡರೆ ಪುಡಿ ಹಳೆಯದಾಗಿದೆ ಅಥವಾ ಬಿಸಿ ತಿಂದಿದೆ ಅಂತ ಅನುಮಾನಿಸಬಹುದು.

ಗಂಟಾಗುವುದು ಹೀಗೆ: ಒಂದು ಹಿಡಿ ಪುಡಿ ಒಮ್ಮೆಲೇ ನೀರಿಗೆ ಬಿದ್ದರೆ ಹೊರಗಿನ ಕಣಗಳು ಮೊದಲು ನೆನೆದು ಲೋಳೆಯಂಥ ಪದರವಾಗುತ್ತವೆ. ಆ ಪದರ ದಾಟಿ ನೀರು ಒಳಗೆ ಹೋಗಲಾರದು. ಗಂಟನ್ನು ಒಡೆದು ನೋಡಿದರೆ ನಡುವೆ ಒಣ ಪುಡಿ ಹಾಗೇ ಇರುತ್ತದೆ. ಕುದಿಯುವ ನೀರು ಹಾಕಿದರೆ ಇನ್ನೂ ಕಷ್ಟ. ಮೊದಲು ಬಟ್ಟಲಿನ ಪುಡಿಗೆ ಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಚಮಚದ ಬೆನ್ನಿನಿಂದ ಒತ್ತುತ್ತಾ ನುಣ್ಣಗಿನ ದಪ್ಪ ಮಿಶ್ರಣ ಮಾಡಿಕೊಳ್ಳಿ. ಆಮೇಲೆ ತೆಳು ಮಾಡಿ. ಅರ್ಧ ಗಂಟೆ ಬಿಟ್ಟರೆ ಉಳಿದ ಸಣ್ಣ ಕಣಗಳೂ ನೆನೆಯುತ್ತವೆ. ಕುಡಿಯಲು ಬೇಕಾದರೆ ರಾತ್ರಿ ಕಲಸಿ ಫ್ರಿಜ್‌ನಲ್ಲಿಡಿ, ಬೆಳಗ್ಗೆ ರುಚಿ ನಿಜವಾಗಿಯೂ ಚೆನ್ನಾಗಿರುತ್ತದೆ. ಒಂದು ಮಾತು ನೆನಪಿರಲಿ. ನೀರು ಸೇರಿದ ಮೇಲೆ ಅದು ಪುಡಿಯಲ್ಲ, ಹಾಲು. ಹೊರಗಿಟ್ಟರೆ ಮಾಮೂಲಿ ಹಾಲಿನ ಹಾಗೆಯೇ ಕೆಡುತ್ತದೆ.

ಅಡುಗೆಯಲ್ಲಿ ಎಲ್ಲ ಕಡೆ ಹಾಲು ಮಾಡಿಕೊಂಡೇ ಹಾಕಬೇಕಿಲ್ಲ. ಹಿಟ್ಟು ಕಲಸುವಾಗ ಒಣ ಹಿಟ್ಟಿನ ಜೊತೆ ಪುಡಿಯನ್ನು ಜರಡಿ ಹಿಡಿದು ಸೇರಿಸಿದರೆ ಕಣಗಳು ದೂರ ದೂರವಾಗಿ ಗಂಟಿನ ಮಾತೇ ಬರುವುದಿಲ್ಲ. ಮೊಸರು ತೆಳ್ಳಗಾಗುತ್ತಿದ್ದರೆ ಒಂದು ಲೀಟರ್ ಹಾಲಿಗೆ 20ರಿಂದ 30 ಗ್ರಾಂ ಪುಡಿಯನ್ನು ಕಾಯಿಸುವ ಮೊದಲೇ ಕಲಸಿ. ಪ್ರೋಟೀನ್ ಹೆಚ್ಚಾಗಿ ಮೊಸರು ಗಟ್ಟಿಯಾಗಿ ಕೂರುತ್ತದೆ. ಆದರೆ ಹಾಲು ದಪ್ಪವಾದಷ್ಟೂ ತಳ ಬೇಗ ಹಿಡಿಯುತ್ತದೆ, ಕೈಯಾಡಿಸುತ್ತಿರಿ. ಹುಳಿ ಇರುವ ಬಿಸಿ ಗ್ರೇವಿಗೆ ಹಾಕುವುದಾದರೆ ಉರಿ ಆರಿಸಿ, ನೀರಲ್ಲಿ ಕಲಸಿದ ಮಿಶ್ರಣವನ್ನು ಕೊನೆಯಲ್ಲಿ ಬೆರೆಸಿ. ಇಲ್ಲದಿದ್ದರೆ ಒಡೆಯುತ್ತದೆ.

ಕೊಳ್ಳುವಾಗ ಪ್ಯಾಕೆಟ್ ಹಿಂದಿನ ಪಟ್ಟಿ ಓದಿ. ಚಹಾ, ಕಾಫಿಗೆ ಅಂತ ಬರುವ ಡೈರಿ ವೈಟ್ನರ್‌ಗಳಲ್ಲಿ ಸಾಮಾನ್ಯವಾಗಿ ಸಕ್ಕರೆ ಸೇರಿರುತ್ತದೆ. ಖಾರದ ಅಡುಗೆಗೆ ಅದು ಹೊಂದುವುದಿಲ್ಲ. ಇನ್ನೊಂದು ವಿಷಯದಲ್ಲಿ ಮಾತ್ರ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಅಡುಗೆಗೆ ತರುವ ಹಾಲಿನ ಪುಡಿಯನ್ನು ಒಂದು ವರ್ಷ ತುಂಬದ ಮಗುವಿಗೆ ಎದೆಹಾಲಿನ ಬದಲಿಗೆ ಕಲಸಿ ಕೊಡಬೇಡಿ. ಅದರಲ್ಲಿ ಪ್ರೋಟೀನ್, ಲವಣಗಳು ಎಳೆಯ ಮೂತ್ರಪಿಂಡಗಳು ತಾಳುವುದಕ್ಕಿಂತ ಜಾಸ್ತಿ ಇರುತ್ತವೆ, ಕಬ್ಬಿಣದ ಅಂಶ ತೀರಾ ಕಡಿಮೆ. ಬೇರೆ ಹಾಲು ಕೊಡಲೇಬೇಕಾದ ಪರಿಸ್ಥಿತಿ ಬಂದರೆ ಮಕ್ಕಳ ವೈದ್ಯರನ್ನು ಕೇಳಿ.